ದೊಡ್ಡವ್ವನ ಕಡೆಯ ಗೋಡೆ

ಹೊನ್ನಾಳಿಯ ನಮ್ಮ ಹಿತ್ತಿಲಲ್ಲೇ ನಡೆದದ್ದಿದು. ನಾಲ್ಕು ವರ್ಷದ ನನ್ನ ಮಗಳು ನನ್ನ ಕೈಲಿ ತಲೆ ಬಾಚಿಸಿಕೊಳ್ಳುತ್ತಿರಲಿಲ್ಲ. ಬಾಚಣಿಗೆ ಹಿಡಿದು ಪಕ್ಕದ ಮನೆಗೆ, ನನ್ನ ಓರಗಿತ್ತಿ ಶಿವಗಂಗಕ್ಕನ ಬಳಿಗೆ ಓಡುತ್ತಿದ್ದಳು. ನನಗೆ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ? ಹಟ ಹಿಡಿದು ನಡುವೆ ಗೋಡೆ ಕಟ್ಟಿಸಿದೆ. ಮೂರಡಿ ಆಳದ ಕಲ್ಲಿನ ಪಾಯ, ಮೇಲೆ ಆರಡಿ ಸಿಮೆಂಟ್ ಬ್ಲಾಕ್. ಅಕ್ಕ ಮನೆಗೆ ಬೀಗ ಹಾಕಿ ಜಗಳೂರಿನ ತವರಿಗೆ ಹೋದರು.

ಗೋಡೆ ಗಟ್ಟಿಯಾಗಲೆಂದು ದಿನಾ ನೀರು ಹಾಕುತ್ತಿದ್ದೆ. ಒಂದು ಬ್ಲಾಕ್ ಮಾತ್ರ ಎಷ್ಟು ಹಾಕಿದರೂ ಒಣಗಿರುತ್ತಿತ್ತು. ಮುಟ್ಟಿದರೆ ಅಂಗೈಯಂತೆ ಬೆಚ್ಚಗೆ.

“ಹೊಸ ಸಿಮೆಂಟು ಬಿಸಿ ಇರ್ತೈತೆ ಬಿಡ್ರಿ ಅಕ್ಕಾ. ಗೋಡೆಗೂ ಜ್ವರ ನೋಡ್ತೀರೇನು?” ಎಂದು ಮೇಸ್ತ್ರಿ ಮುಜೀಬ್ ನಕ್ಕ.

ಇಪ್ಪತ್ತನೇ ದಿನ ಮಧ್ಯಾಹ್ನ ಬಟ್ಟೆ ಒಣಹಾಕಲು ಹೋದರೆ, ಮಗಳು ಆ ಬ್ಲಾಕಿಗೆ ತಲೆಯಾನಿಸಿ ಕೂತಿದ್ದಳು. ಎರಡು ಜಡೆ, ನಾನು ಎಂದೂ ಹೆಣೆಯಲಾರದಷ್ಟು ನೀಟು.

“ಯಾರೇ ಹಾಕಿದ್ದು?”

“ದೊಡ್ಡವ್ವ. ಅಳ್ಳಾಡಬ್ಯಾಡ ಅಂತು.”

ಕೂಡಲೇ ಜಗಳೂರಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮೆಲ್ಲಗೆ ಹೇಳಿದರು: “ಮಗೂ ನೆತ್ತಿ ಬಾಳ ಒಣಗೈತೆ ಕಣೇ. ನಾಳೆ ಎಣ್ಣೆ ಹಚ್ಚಿ ಕೂರ್ಸು.”