ಕೆಂಪು ಬಿಳಿಯ ನಾಲ್ಕು ಮನೆ

ಒಂದಾನೊಂದು ಕಾಲದಲ್ಲಿ ಬಾಯಿಲ್ಲದ ಹಡಗುಗಳು ಬಟ್ಟೆಯ ತುಂಡುಗಳಲ್ಲೇ ಮಾತಾಡಿಕೊಳ್ಳುತ್ತಿದ್ದವಂತೆ. ಅಜ್ಜಿ ಹೇಳಿದ ಈ ಕತೆಯನ್ನು ರಾಜೀವಿ ನಂಬಿದ್ದಳು. ಇಪ್ಪತ್ತು ವರ್ಷ ಹಡಗಿನಲ್ಲಿ ಬಾವುಟ ಏರಿಸಿ ಬಂದ ಪೂವಪ್ಪ ಮಾಮನೂ ನಿಜವೆಂದಿದ್ದ.

೧೯೫೪ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅವರಿಬ್ಬರೂ ಮೀನುಗಾರ ದೂಜನ ದೋಣಿ ಹತ್ತಿ, ಊರಿನ ಹಡಗನ್ನು ಎದುರುಗೊಳ್ಳಲು ಮುಂಬಯಿ ಬಂದರಿನ ಬಾಯಿಗೆ ಬಂದಿದ್ದರು. ಮಳೆಗಾಲ ಕಳೆದು ಮಂಗಳೂರಿನಿಂದ ಬರುವ ಮೊದಲ ಹಡಗಿನಲ್ಲಿ ಅಕ್ಕ ವಿನೋದಿನಿಯೂ ಅವಳ ಎರಡು ತಿಂಗಳ ಕೂಸೂ ಇದ್ದರು. ಇಬ್ಬರನ್ನೂ ಮಾಟುಂಗದ ಮನೆ ಮುಟ್ಟಿಸುತ್ತೇನೆಂದು ರಾಜೀವಿ ಅಮ್ಮನಿಗೆ ಮಾತು ಕೊಟ್ಟಿದ್ದಳು. ಕೊಲಾಬಾದ ಆಚೆ ಕಡಲು ಇನ್ನೂ ಕೆಂಪು ಮಣ್ಣಿನ ಬಣ್ಣದಲ್ಲೇ ಕುದಿಯುತ್ತಿತ್ತು. ಹಿಂದಿನ ದಿನದ ಗಾಳಿಗೆ ಕಲ್ಲು ತುಂಬಿದ ಬಾರ್ಜೊಂದು ಹಡಗಿನ ದಾರಿಯಲ್ಲೇ ಮುಳುಗಿತ್ತು. ನೀರಿನಡಿ ಅದರ ಕಪ್ಪು ಬೆನ್ನು ಮಾತ್ರ ಮಸುಕಾಗಿ ಕಾಣುತ್ತಿತ್ತು.

ದಡಕ್ಕೆ ಸುದ್ದಿ ಮುಟ್ಟಿಸುವಷ್ಟು ಹೊತ್ತಿರಲಿಲ್ಲ. ದಿಗಂತದಲ್ಲಿ ಆಗಲೇ ಹೊಗೆ ಕಂಡಿತು.

ಹಡಗನ್ನು ಎಚ್ಚರಿಸಲು ದೂಜ ತನ್ನಲ್ಲಿದ್ದ ಒಂದೇ ಬಾವುಟವನ್ನು ಸರಸರನೆ ಏರಿಸಿದ. ಹಡಗು ನೇರ ಇವರತ್ತಲೇ ತಿರುಗಿತು.

"ಎಂತ ಏರಿಸಿದ್ದು ಇವ?" ಕಣ್ಣಿಗೆ ಪೊರೆ ಬಂದಿದ್ದ ಮಾಮ ಕೇಳಿದ.

"ಹಗ್ಗದ ಕಡೆ ಬಿಳಿ, ಆಚೆ ಕೆಂಪು," ಎಂದಳು ರಾಜೀವಿ.

"ಅಯ್ಯೋ! ದಾರಿ ತೋರಿಸುವ ಪೈಲಟ್ ಇಲ್ಲಿದ್ದಾನೆ ಅಂತ ಅದರ ಅರ್ಥ. ನಮ್ಮನ್ನೇ ನಂಬಿ ಬರ್ತಾರೆ! ಎಲ್ಲಿ ಸಿಕ್ಕಿತು ಇದು ನಿನಗೆ, ದೂಜ?"

"ಚೋರ್ ಬಜಾರಿನಲ್ಲಿ, ಪೂವಪ್ಪಣ್ಣ. ಚಂದ ಕಂಡಿತು, ತಂದೆ."

"ಚಂದವಂತೆ! ಅಪಾಯ ಅನ್ನಲಿಕ್ಕೆ ನಾಲ್ಕು ಮನೆ ಬೇಕು. ಮೇಲೆ ಕೆಂಪು, ಬಿಳಿ. ಕೆಳಗೆ ಬಿಳಿ, ಕೆಂಪು."

ರಾಜೀವಿ ಬಾವುಟವನ್ನೇ ದಿಟ್ಟಿಸಿದಳು.

"ಇಳಿಸು! ಮೀನು ಕತ್ತಿ ಕೊಡು!"

ಅಡ್ಡಕ್ಕೆ ಒಂದೇ ಸೀಳು. ಮೇಲಿನ ಪಟ್ಟಿಯನ್ನು ಹಿಂದುಮುಂದಾಗಿ ತಿರುಗಿಸಿ ಕೆಳಗಿನದಕ್ಕೆ ಜೋಡಿಸಿದಳು. ನಾಲ್ಕು ಮನೆ!

ಹಾಯಿ ಹೊಲಿಯುವ ದಪ್ಪ ಸೂಜಿ. ಅಲೆ ದೋಣಿಯನ್ನು ಎತ್ತಿತು, ಸೂಜಿ ಬೆರಳಿಗೆ ನುಗ್ಗಿತು. ಅವಳು ಹೊಲಿಗೆ ನಿಲ್ಲಿಸಲಿಲ್ಲ.

"ಬೇಗ ಮಾರಾಯ್ತಿ, ಮದುವೆ ರವಿಕೆಯಾ ಅದು?" ದೂಜ ಹಗ್ಗ ಹಿಡಿದು ನಿಂತಿದ್ದ.

"ಏರಿಸು!"

ಬಾವುಟ ಪಟಪಟಿಸಿತು. ಹಡಗು ಬರುತ್ತಲೇ ಇತ್ತು. ಅದರ ಮೂತಿ ಸೀಳುವ ನೊರೆಯೂ ಈಗ ಕಾಣುತ್ತಿತ್ತು.

"ಏನಾಯಿತೇ?" ಮಾಮ ಅವಳ ತೋಳು ಹಿಡಿದ.

ಎಂಜಿನ್ನಿನ ಸದ್ದು ಕುಗ್ಗಿತು. ಮೂತಿ ನಿಧಾನವಾಗಿ ಎಡಕ್ಕೆ ಹೊರಳಿತು. ಹಡಗಿನ ಕಂಬದ ಮೇಲೆ ಕೆಂಪು ಬಿಳಿ ಪಟ್ಟೆಯ ಉದ್ದ ಬಾವುಟ ಏರಿತು.

"ಪಟ್ಟೆ ಬಾವುಟ, ಮಾಮ!"

"ಅರ್ಥವಾಯಿತು ಅಂದರು ಮಗಾ," ಎಂದು ಪೂವಪ್ಪ ಅವಳ ತೋಳು ಬಿಟ್ಟ.

ಸಂಜೆ ಲೋಕಲ್ ರೈಲಿನ ನೂಕುನುಗ್ಗಲು ದಾಟಿ, ಮಾಟುಂಗದ ಮನೆಯಲ್ಲಿ ರಾಜೀವಿ ಕೂಸನ್ನು ಅಮ್ಮನ ಮಡಿಲಿಗಿಟ್ಟಳು. ಹಿಂದೆಯೇ ವಿನೋದಿನಿ ಹೊಸಿಲು ದಾಟಿದಳು.

"ಬೆರಳಿಗೆ ಎಂತ ಆಯ್ತೇ?"

"ಅವಸರದ ಹೊಲಿಗೆ, ಅಮ್ಮ. ಇಬ್ಬರನ್ನೂ ಮುಟ್ಟಿಸಿದ್ದೇನೆ, ನೋಡಿಕೊ."