ಅಳತೆ ಮೀರಿದ ಸೈಕಲ್

ಅಂಗಡಿಯಲ್ಲಿ ಅವನನ್ನು ಎಲ್ಲರೂ ಜೇನುಬಾಯಿ ಅನ್ನುತ್ತಿದ್ದರು. ಸುಮ್ಮನೆ ನೋಡಿ ಹೋಗೋಣ ಅಂತ ಬಂದವರೂ ಅವನ ಮಾತಿಗೆ ಮರುಳಾಗಿ ಸೈಕಲ್ ತುಳಿದುಕೊಂಡೇ ಮನೆಗೆ ಹೋಗುತ್ತಿದ್ದರು. ಅಂಥ ಬಾಯಿ ಆವತ್ತು ಒಣಗಿಹೋಯಿತು. ಹಿಂದಿನ ಬೀದಿಯ ಟೈಲರ್ ಹುಡುಗಿ ಬಲಗೈಗೆ ಬ್ಯಾಂಡೇಜ್ ಸುತ್ತಿಕೊಂಡು, ಅವನೇ ಮಾರಿದ ಸೈಕಲ್ಲನ್ನು ತಳ್ಳುತ್ತಾ ಒಳಗೆ ಬಂದಿದ್ದಳು.

ಊರು ಬೆಳೆಯುತ್ತಿದ್ದ ವೇಗವೇ ಹಾಗಿತ್ತು. ತಿಂಗಳಿಗೊಂದು ಹೊಸ ಮಾಡೆಲ್ ಬಂದರೆ ಹಳೆಯದನ್ನು ಕೇಳುವವರೇ ಇಲ್ಲ. "ಆ ದೊಡ್ಡ ಫ್ರೇಮು ಈ ವಾರ ಹೋಗ್ಲೇಬೇಕು ಕಣಯ್ಯಾ" ಎಂದು ಯಜಮಾನರು ಪ್ರಾಣ ತಿನ್ನುತ್ತಿದ್ದಾಗಲೇ ಅವಳು ಸೈಕಲ್ ಕೊಳ್ಳಲು ಬಂದಿದ್ದಳು. ಅವನು ಆ ದೊಡ್ಡದನ್ನೇ ಸ್ಟ್ಯಾಂಡಿಗೆ ಹಾಕಿ, ಕನ್ನಡಿಯ ಮುಂದೆ ಅವಳನ್ನು ಕೂರಿಸಿದ. ಸ್ಟ್ಯಾಂಡಿನ ಮೇಲೆ ಯಾವ ಸೈಕಲ್ಲೂ ಸರಿಹೋಗುತ್ತದೆ. ಕಾಲು ನೆಲಕ್ಕೆ ಎಟುಕುತ್ತದೋ ಇಲ್ಲವೋ ರಸ್ತೆಗಿಳಿದ ಮೇಲೆ ತಾನೇ ಗೊತ್ತಾಗುವುದು! ಅವನಿಗದು ಚೆನ್ನಾಗಿಯೇ ಗೊತ್ತಿತ್ತು.

"ಎತ್ತರ ಆಯ್ತೇನೋ, ಅಲ್ವಾ?" ಎಂದು ಅವಳು ಕನ್ನಡಿಯಲ್ಲೇ ಅವನನ್ನು ನೋಡಿ ಕೇಳಿದ್ದಳು. ಅವಳ ಭುಜದ ಮೇಲೊಂದು ಕೆಂಪು ದಾರದ ತುಣುಕು ಅಂಟಿಕೊಂಡಿತ್ತು. ನಗುವಾಗ ಒಂದು ಹುಬ್ಬು ಮಾತ್ರ ಮೇಲೇರುತ್ತಿತ್ತು.

"ಎಷ್ಟು ಚೆನ್ನಾಗಿ ಕಾಣ್ತೀರಿ ಗೊತ್ತಾ? ನಿಮಗೋಸ್ಕರಾನೇ ಮಾಡಿಸಿದ ಹಾಗಿದೆ" ಅಂದುಬಿಟ್ಟಿದ್ದ.

ಮೊದಲನೆಯದು ಮನಸ್ಸಿನಿಂದ ಬಂದ ಮಾತು, ಎರಡನೆಯದು ಶುದ್ಧ ಸುಳ್ಳು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದ. ಅವಳು ನಾಚಿಕೊಂಡು ಬಿಲ್ ಮಾಡಿಸಿದ್ದಳು.

"ಇದನ್ನ ವಾಪಸ್ ತಗೋತೀರಾ?" ಈಗ ಅವಳೇ ಸಂಕೋಚದಿಂದ ಕೇಳಿದಳು. "ಸೈಕಲ್‌ದೇನೂ ತಪ್ಪಿಲ್ಲ. ನನ್ನ ಕಾಲೇ ಗಿಡ್ಡ. ಸಿಗ್ನಲ್‌ನಲ್ಲಿ ನಿಲ್ಲಿಸೋಕೆ ಹೋಗಿ ದೊಪ್ಪಂತ ಬಿದ್ದೆ, ಎಲ್ಲರೂ ನಕ್ಕರು. ಪಾಪ, ನೀವು ಅಷ್ಟು ಚೆನ್ನಾಗಿ ನೋಡಿ ಕೊಟ್ಟಿದ್ರಿ."

ಕಪಾಳಕ್ಕೆ ಬಾರಿಸಿದ್ದರೂ ಅವನಿಗೆ ಇಷ್ಟು ಉರಿಯುತ್ತಿರಲಿಲ್ಲ. ಬ್ಯಾಂಡೇಜ್ ಸುತ್ತಿದ್ದ ಆ ಬಲಗೈ, ಕತ್ತರಿ ಹಿಡಿಯುವ ಕೈ! ಕೌಂಟರಿನಿಂದ ಯಜಮಾನರು ಕಣ್ಣಲ್ಲೇ ಸನ್ನೆ ಮಾಡಿದರು: ಅವಳೇ ಒಪ್ಪಿಕೊಂಡಿದ್ದಾಳಲ್ಲ, ಮುಗಿಸು. ಹ್ಞೂಂ ಅಂದಿದ್ದರೆ ಸಾಕಿತ್ತು, ಅವಳ ಪಾಲಿಗೆ ಅವನು ಒಳ್ಳೆಯವನಾಗಿಯೇ ಉಳಿಯುತ್ತಿದ್ದ. ನಿಜ ಹೇಳಿದರೆ ಅವಳು ಈ ಕಡೆ ಮತ್ತೆ ತಿರುಗಿಯೂ ನೋಡುವುದಿಲ್ಲ.

"ನಿಮ್ಮ ಕಾಲು ಗಿಡ್ಡ ಅಲ್ಲ ರೀ. ಸೈಕಲ್ಲೇ ದೊಡ್ಡದು" ಅಂದ. "ಗೊತ್ತಿದ್ದೇ ಕೊಟ್ಟೆ. ನಿಮ್ಮನ್ನ ಬೀಳಿಸಿದ್ದು ನಾನು."

ಮಗುವಿಗೆ ಸೈಕಲ್ ನೋಡುತ್ತಿದ್ದ ಗಂಡ ಹೆಂಡತಿ ಇತ್ತ ತಿರುಗಿದರು. "ಏನಯ್ಯಾ, ತಲೆಗಿಲೆ ಕೆಟ್ಟಿದೆಯಾ?" ಎಂದು ಗದರಿದ ಯಜಮಾನರು, ಗಿರಾಕಿಗಳ ಮುಖ ನೋಡಿ ತಣ್ಣಗಾದರು. "ಸರಿ ಸರಿ, ಸಣ್ಣದು ಕೊಟ್ಟು ಕಳಿಸು."

ಅವಳ ಕಣ್ಣು ತುಂಬಿತ್ತು. "ಇಷ್ಟು ದಿನ ನನ್ನನ್ನ ನಾನೇ ಬೈಕೊಂಡೆ. ನಾನು ಶರ್ಟ್ ಬಿಗಿಯಾಗಿ ಹೊಲಿದು, ನೀವೇ ದಪ್ಪ ಇದ್ದೀರಿ ಅಂದ್ರೆ ನಿಮಗೆ ಹೇಗಿರುತ್ತೆ?"

ಅವನು ತಲೆ ಎತ್ತಲಿಲ್ಲ. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಗಿತ್ತು. ಸಣ್ಣ ಸೈಕಲ್ಲೊಂದನ್ನು ಹೊರಗೆ ತಂದು, ರಸ್ತೆಯಲ್ಲೇ ನಿಲ್ಲಿಸಿ, ಕೂತು ನೋಡಿ ಎಂದ. ಅವಳು ಕೂತಳು, ಆದರೆ ಸೈಕಲ್ಲನ್ನು ನೋಡಲಿಲ್ಲ.

"ಚೆನ್ನಾಗಿ ಕಾಣ್ತೀರಿ ಅಂದ್ರಲ್ಲ ಆವತ್ತು. ಅದೂ ವ್ಯಾಪಾರಾನಾ?"

"ಅಲ್ಲ. ಅದೊಂದೇ ನಿಜ. ಅದನ್ನೂ ಸೈಕಲ್ ಮಾರೋಕೆ ಬಳಸಿಕೊಂಡೆನಲ್ಲ, ಅದಕ್ಕೇ ನಿಮಗೆ ಮುಖ ತೋರಿಸೋಕೆ ಆಗ್ತಿಲ್ಲ."

ಅವಳು ಎರಡೂ ಕಾಲುಗಳನ್ನು ನೆಲಕ್ಕೆ ಊರಿ ಕೂತಳು.

"ಭಾನುವಾರ ಮನೆಗೆ ಬನ್ನಿ, ಅಮ್ಮ ಇರ್ತಾರೆ. ಬೀಳಿಸಿದ್ದು ನಾನೇ ಅಂತ ಮೊದಲು ಅವರ ಮುಂದೆ ಹೇಳಿ. ಚೆನ್ನಾಗಿ ಬೈತಾರೆ, ಕೇಳಿಸ್ಕೊಳ್ಳಿ. ಆಮೇಲೆ ಅವರನ್ನ ಇನ್ನೊಂದು ಮಾತು ಕೇಳಿ."

"ಇನ್ನೊಂದು ಮಾತಾ? ಏನು?"

"ಅಯ್ಯೋ, ಅದನ್ನೂ ನಾನೇ ಹೇಳಿಕೊಡಬೇಕಾ?"

ಅವನಿಗೆ ಅರ್ಥವಾಗುವಷ್ಟರಲ್ಲಿ ಅವಳ ಕೆನ್ನೆ ಕೆಂಪಾಗಿತ್ತು. "ಅವರು ಬೈದು ಆಚೆ ಹಾಕಿದ್ರೆ?" ಎಂದು ಮೆಲ್ಲಗೆ ಕೇಳಿದ.

"ಮರುದಿನ ಮತ್ತೆ ಬನ್ನಿ" ಅಂದಳು ಅವಳು, ಮುಖ ಆಚೆ ತಿರುಗಿಸಿಕೊಂಡು.