ನಿನ್ನದೇ ರಕ್ತದ ತೇಪೆ

"ಯಾರಾದ್ರೂ ಬಂದು ಈ ಹುಡುಗಿ ಕೈ ಹಿಡ್ಕೊಳ್ಳಿ! ಇವಳು ಅಲುಗಾಡಿದ್ರೆ ಸೂಜಿ ಎಲ್ಲೆಲ್ಲೋ ಹೋಗತ್ತೆ!"

ನೆಯಾಫು ಎಂಬ ದ್ವೀಪದೂರಿನ ಆಸ್ಪತ್ರೆಯ ನರ್ಸ್ ಹೀಗೆ ಕೂಗಿದಾಗ ಬಾಗಿಲಲ್ಲಿ ನಿಂತಿದ್ದವರು ಇಬ್ಬರೇ. ಒಬ್ಬ ಆ ಹುಡುಗಿ ತೆಲೇಸಿಯಾಳ ಅಣ್ಣ ಮೋಸೆಸೆ. ಪ್ರಾಣ ಹೋದರೂ ಅವನು ಒಳಗೆ ಬರುವಂತಿಲ್ಲ. ಆ ದ್ವೀಪದ ಕಟ್ಟಳೆಯಲ್ಲಿ, ವಯಸ್ಸಿಗೆ ಬಂದ ತಂಗಿ ಮಲಗಿರುವ ಕೋಣೆಗೆ ಅಣ್ಣನಾದವನು ಕಾಲಿಡುವುದುಂಟೇ? ಇನ್ನೊಬ್ಬ ಫಾತಾಯಿ. ಜ್ವರದಲ್ಲಿ ಸುಡುತ್ತಿದ್ದ ಅವಳನ್ನು ತನ್ನ ಟ್ರಕ್ಕಿನಲ್ಲಿ ಮಲಗಿಸಿಕೊಂಡು ಬಂದವನು.

ಹನ್ನೊಂದು ಶುಕ್ರವಾರ ಅವಳ ಎದುರು ಚಾಪೆಯ ಮೇಲೆ ಕೂತು, ಅವಳು ಕಲಸಿಕೊಟ್ಟ ಕಾವಾ ಬೇರಿನ ಪಾನಕವನ್ನು ತೆಂಗಿನ ಚಿಪ್ಪಿನ ಮೇಲೆ ಚಿಪ್ಪು ಕುಡಿದು, ಒಂದೇ ಒಂದು ಮಾತೂ ಆಡದೆ ಎದ್ದುಹೋಗಿದ್ದ ಮಹಾನುಭಾವ!

ಈಗ ಅವನ ಒರಟು ಅಂಗೈ ಅವಳ ಕೈಯೊಳಗಿತ್ತು.

"ಹೆ... ಹೆದರಬೇಡ. ನಾನಿದ್ದೀನಿ. ಎಲ್ಲೂ ಹೋಗಲ್ಲ."

ಸೋಂಕು ಮಿದುಳಿಗೆ ಏರಿದೆಯೋ ಎಂದು ನೋಡಲು ಬೆನ್ನುಮೂಳೆಯೊಳಗಿನಿಂದ ನೀರು ತೆಗೆಯಬೇಕಿತ್ತು. ಸೂಜಿ ಒಳಗೆ ಹೋಯಿತು. ತೆಲೇಸಿಯಾ ಹಲ್ಲು ಕಚ್ಚಿ ಹಿಡಿದಳು. ಅಷ್ಟರಲ್ಲಿ ಧಡ್ ಎಂದು ಸದ್ದು! ಸೂಜಿಯ ಉದ್ದ ನೋಡಿದ ಫಾತಾಯಿ ತಲೆಸುತ್ತಿ ನೆಲಕ್ಕೆ ಬಿದ್ದಿದ್ದ. ಬಿದ್ದರೂ ಅವಳ ಕೈಯನ್ನು ಮಾತ್ರ ಬಿಟ್ಟಿರಲಿಲ್ಲ.

ಅದು ಸೋಮವಾರದ ಮಾತು.

ಸೋಂಕು ಇರಲಿಲ್ಲ. ಜ್ವರವೂ ಮರುದಿನಕ್ಕೆ ಬಿಟ್ಟಿತು. ಆದರೆ ಮಂಗಳವಾರ ಸಂಜೆ ನೀರು ಕುಡಿಯಲೆಂದು ಎದ್ದು ಕೂತವಳು ಕಿಟಾರನೆ ಕಿರುಚಿದಳು. ಯಾರೋ ತಲೆಯನ್ನು ಒಳಗಿನಿಂದ ಹಿಡಿದು ಕೆಳಕ್ಕೆ ಜಗ್ಗಿದ ಹಾಗೆ! ಮಲಗಿದರೆ ನೋವು ಮಾಯ. ಎದ್ದರೆ ಮತ್ತೆ ಅದೇ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಕುಡಿದ ಎಳನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ಅವಳ ಭಯಕ್ಕೆ ಕಾರಣವಿತ್ತು. ಹತ್ತು ವರ್ಷದ ಹಿಂದೆ ಅವಳ ಅಮ್ಮ ಹೀಗೇ 'ತಲೆ, ತಲೆ' ಎಂದು ಹಿಡಿದುಕೊಂಡು ಮಲಗಿದವಳು ಮೂರನೇ ದಿನ ಏಳಲೇ ಇಲ್ಲ.

'ಅಮ್ಮ ಕರೀತಿದ್ದಾಳಾ ನನ್ನ?'

ಅವಳು ಬಾಯಿಬಿಟ್ಟು ಹೇಳದ್ದನ್ನು ಅದೇ ರಾತ್ರಿ ಸೋದರತ್ತೆ ಲೂಯಿಸಾ ಹೇಳಿಯೇಬಿಟ್ಟಳು. ಅಪ್ಪನ ಅಕ್ಕ ಆಕೆ. ಆ ಮನೆಯಲ್ಲಿ ಆಕೆಯ ಮಾತಿಗೆ ಎದುರಾಡಿದವರು ಹುಟ್ಟಿಲ್ಲ.

"ಇದು ಡಾಕ್ಟ್ರ ಕಾಯಿಲೆ ಅಲ್ಲ ಕಣೇ. ನಿಮ್ಮಮ್ಮನ್ನ ಮಣ್ಣು ಮಾಡಿರೋದು ದೀವಿಹಲಸಿನ ಬುಡದಲ್ಲಿ ತಾನೇ? ಬೇರು ಬಂದು ಅವಳ ತಲೆಗೆ ಚುಚ್ಚಿದೆ. ಅವಳ ನೋವು ನಿನ್ನ ತಲೆಗೆ ಬಂದಿದೆ. ಸಮಾಧಿ ಅಗೆದು ನೋಡಿ ಬೇರು ಬಿಡಿಸೋವರೆಗೂ ಇನ್ನೊಂದು ಸೂಜಿ ನಿನ್ನ ಮೈಗೆ ತಾಗಬಾರದು!"

"ಅತ್ತೆ... ಯಾರು ಅಗೀತಾರೆ?"

"ಮೋಸೆಸೆ ಯಾರನ್ನಾದ್ರೂ ಹುಡುಕ್ತಾನೆ. ಹೆತ್ತಮ್ಮನ ತಲೆ ಮಗ ಮುಟ್ಟೋ ಹಾಗಿಲ್ಲ."

ತೆಲೇಸಿಯಾ ಬಾಗಿಲ ಕಡೆ ನೋಡಿದಳು. ಕೇಳಬಾರದೆಂದುಕೊಂಡರೂ ನಾಲಿಗೆ ಸುಮ್ಮನಿರಲಿಲ್ಲ.

"ಆ ಟ್ರಕ್ಕಿನವನು...?"

"ಸೂಜಿ ನೋಡಿ ಬಿದ್ದನಲ್ಲ, ಆ ವೀರನಾ? ಕಾಯಿಲೆ ಬಿದ್ದ ಹುಡುಗಿ ಯಾರಿಗೆ ಬೇಕು! ಇವತ್ತಿಡೀ ಪತ್ತೆ ಇಲ್ಲ."

ಬುಧವಾರ ಬರಲಿಲ್ಲ. ಗುರುವಾರ ಬರಲಿಲ್ಲ. ಕಾವಾದ ದಿನ ಶುಕ್ರವಾರವೂ ಬರಲಿಲ್ಲ. 'ಎಲ್ಲೂ ಹೋಗಲ್ಲ ಅಂದನಲ್ಲ... ಎಂಥ ಸುಳ್ಳುಗಾರ!' ಅವಳು ಗೋಡೆಯ ಕಡೆ ತಿರುಗಿ ಅತ್ತಳು. ಅತ್ತರೆ ತಲೆ ಇನ್ನೂ ಸಿಡಿಯುತ್ತಿತ್ತು. ಹಾಗಾಗಿ ಅಳುವುದಕ್ಕೂ ಹೆದರಿದಳು.

ಶನಿವಾರ ಬೆಳಿಗ್ಗೆ ರಾಜಧಾನಿಯಿಂದ ಬಂದಿದ್ದ ಅರಿವಳಿಕೆ ಡಾಕ್ಟರ್ ಅಕನೇಸಿ ಅವಳನ್ನು ಪರೀಕ್ಷಿಸಿ, ಮಂಚದ ತುದಿಯಲ್ಲಿ ಕೂತರು.

"ನೋಡಮ್ಮ, ಮಿದುಳು ನೀರಲ್ಲಿ ತೇಲ್ತಾ ಇರತ್ತೆ. ಸೂಜಿ ಹೋದ ತೂತು ಮುಚ್ಕೊಂಡಿಲ್ಲ, ಆ ನೀರು ಸೋರ್ತಿದೆ. ಅದಕ್ಕೇ ನೀನು ಎದ್ದಾಗೆಲ್ಲ ಹಾಗೆ ಜಗ್ಗೋದು. ನಿನ್ನ ತೋಳಿಂದ ನಾಲ್ಕು ಚಮಚ ರಕ್ತ ತೆಗೆದು ಆ ತೂತಿನ ಹತ್ರ ಹಾಕ್ತೀನಿ. ಹೆಪ್ಪುಗಟ್ಟಿ ತೇಪೆ ಹಾಕಿದ ಹಾಗೆ ಕೂರತ್ತೆ."

"ಮತ್ತೆ ಬೆನ್ನಿಗೆ ಸೂಜಿಯಾ? ಬೇಡ... ಬೇಡ ಡಾಕ್ಟ್ರೇ!"

"ಎಷ್ಟೋ ಜನಕ್ಕೆ ತಾನಾಗೇ ವಾಸಿಯಾಗತ್ತೆ, ಸುಳ್ಳು ಹೇಳಲ್ಲ. ಆದ್ರೆ ನಿನಗೆ ದಿನದಿಂದ ದಿನಕ್ಕೆ ಜಾಸ್ತಿ ಆಗ್ತಿದೆ. ಹೀಗೇ ಬಿಟ್ರೆ, ಅಪರೂಪಕ್ಕೆ, ತಲೆಯೊಳಗೆ ರಕ್ತ ಸೋರೋದೂ ಉಂಟು. ನಾನು ಸಂಜೆ ವಿಮಾನಕ್ಕೆ ಹೋಗ್ತೀನಿ. ನಾಳೆ ಭಾನುವಾರ, ಯಾವ ವಿಮಾನವೂ ಹಾರಲ್ಲ. ಮತ್ತೆ ನಾನು ಬರೋದು ಎರಡು ವಾರಕ್ಕೆ."

ಅಮ್ಮನ ಮುಖ ಕಣ್ಣ ಮುಂದೆ ಬಂತು. ಸೂಜಿ ಬೇಡವೆಂದರೆ ಅಮ್ಮನ ಗತಿ. ಬೇಕೆಂದರೆ ಅಮ್ಮನ ಸಿಟ್ಟು. ಅತ್ತೆ ಕೈಕಟ್ಟಿ ಅಡ್ಡ ನಿಂತಿದ್ದಳು. "ಸಮಾಧಿಯ ಸುದ್ದಿ ಬರಲಿ" ಎಂಬುದೊಂದೇ ಅವಳ ಮಾತು.

ಆಗ ಕಿಟಕಿಯ ಹೊರಗೆ ಜಗಲಿಯಲ್ಲಿ ಯಾರೋ ಕೆಮ್ಮಿದರು. ಮೋಸೆಸೆ! ಒಳಗೆ ನೋಡದ ಹಾಗೆ ಬೆನ್ನು ತಿರುಗಿಸಿ, ಜಗಲಿಯ ಕಂಬದ ಮುಂದೆ ನಿಂತಿದ್ದ.

ತಂಗಿಗೂ ಒಬ್ಬ ಗಂಡಸಿಗೂ ಸಂಬಂಧಪಟ್ಟ ಮಾತನ್ನು ಅಣ್ಣ ತಂಗಿಯ ಕಿವಿಗೆ ಹಾಕುವಂತಿಲ್ಲ. ಹಾಕಿದರೆ ಮಾನ ಹೋಯಿತು. ನಾಲ್ಕು ದಿನದಿಂದ ಆ ಮಾತನ್ನು ನುಂಗಲಾರದೆ ಉಗುಳಲಾರದೆ ಅವನು ಒದ್ದಾಡಿದ್ದ. ಈಗ ಅವನ ಕಿವಿಗಳು ಕೆಂಪಾಗಿದ್ದವು.

"ಏ ಕಂಬ, ಕೇಳ್ಕೋ," ಎಂದ ಜೋರಾಗಿ. "ನಿನಗೇ ಹೇಳ್ತಿರೋದು, ಇನ್ಯಾರಿಗೂ ಅಲ್ಲ. ನಮ್ಮಮ್ಮನ ಸಮಾಧಿ ಅಗೆಯೋಕೆ ಊರಲ್ಲಿ ಒಬ್ಬನೂ ಒಪ್ಪಲಿಲ್ಲ. ಒಬ್ಬ ಮಾತ್ರ ನಾನು ಕೇಳೋ ಮುಂಚೆನೇ ಹೊರಟ. ಸೂಜಿ ನೋಡಿ ಬಿದ್ದಿದ್ನಲ್ಲ, ಅವನೇ! ಗುದ್ದಲಿ ಮೂಳೆಗೆ ತಾಗಿದ್ರೆ ಅಮ್ಮನಿಗೆ ನೋವಾಗತ್ತೆ ಅಂತ ಮೂರು ದಿನ ಬರಿಗೈಯಲ್ಲಿ ಅಗೆದ. ಉಗುರೆಲ್ಲ ಕಿತ್ತುಹೋಗಿದೆ, ಕಂಬ."

ಅವನು ಕಂಬವನ್ನು ಒಮ್ಮೆ ತಟ್ಟಿದ.

"ನಿನ್ನೆ ಸಂಜೆ ಅಮ್ಮ ಸಿಕ್ಕಳು. ಒಂದು ಬೇರೂ ತಾಗಿಲ್ಲ. ದೀವಿಹಲಸಿನ ಬೇರು ಪಕ್ಕದಿಂದ ಸುತ್ತಿಕೊಂಡು ಹೋಗಿದೆ. ಚೆನ್ನಾಗಿ ಮಲಗಿದ್ದಾಳೆ ಅಮ್ಮ. ಅವನೇ ಎಣ್ಣೆ ಹಚ್ಚಿ, ಬಿಳಿ ಬಟ್ಟೆ ಸುತ್ತಿ, ಮರಳು ಮುಚ್ಚಿ ಬಂದ. ಅಮ್ಮ ಯಾರನ್ನೂ ಕರೀತಿಲ್ಲ... ಯಾರ ಮೇಲೂ ಸಿಟ್ಟಿಲ್ಲ..."

ಕೊನೆಗೆ ಕಂಬವನ್ನು ಹಿಡಿದುಕೊಂಡು ಅತ್ತುಬಿಟ್ಟ.

ತೆಲೇಸಿಯಾಳ ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು. 'ಓಡಿಹೋದ ಅಂದ್ಕೊಂಡೆನಲ್ಲ! ಅವನು ನನ್ನಮ್ಮನ ಹತ್ರ ಇದ್ದ...'

ಅತ್ತೆ ಲೂಯಿಸಾ ಮೂಗು ಒರೆಸಿಕೊಂಡಳು.

"ತಮ್ಮನ ಹೆಂಡ್ತಿ ಸಮಾಧಾನವಾಗಿದ್ದಾಳೆ ಅಂದ್ಮೇಲೆ ಇದು ಡಾಕ್ಟ್ರ ಕಾಯಿಲೆನೇ. ಹಾಕಿ ನಿಮ್ಮ ತೇಪೆ."

"ಅತ್ತೆ," ಎಂದಳು ತೆಲೇಸಿಯಾ. "ನನಗೆ ಭಯ. ಅವನು... ಕಾಣೋ ಜಾಗದಲ್ಲಿ ಇರಲಿ."

ಫಾತಾಯಿ ಬಂದು ಬಾಗಿಲಲ್ಲಿ ನಿಂತ. ಸೊಂಟಕ್ಕೆ, ಮರ್ಯಾದೆಗೆಂದು ಉಡುವ ಹೆಣೆದ ಚಾಪೆ ಸುತ್ತಿದ್ದ, ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಿದ್ದ. ಸತ್ತವರನ್ನು ಮುಟ್ಟಿದ ಕೈ ಅದು. ಐದು ದಿನ ರೋಗಿಯನ್ನೂ ಮುಟ್ಟುವಂತಿಲ್ಲ, ಅನ್ನವನ್ನೂ ಮುಟ್ಟುವಂತಿಲ್ಲ.

"ಈ ಸಲ ಕೈ ಹಿಡಿಯೋಕಾಗಲ್ಲ," ಎಂದ ತಲೆತಗ್ಗಿಸಿ.

"ಮಾತಾಡೋಕೂ ಆಗಲ್ವಾ?"

ಡಾಕ್ಟರ್ ತೋಳಿನಿಂದ ರಕ್ತ ತೆಗೆದರು. ಬೆನ್ನು ಬಿಲ್ಲಿನಂತೆ ಬಾಗಿಸಿ ಮಲಗಿಸಿದರು. ಬೆನ್ನಿಗೆ ತಣ್ಣನೆಯ ಔಷಧ ತಾಗಿದ್ದೇ ತಡ, ತೆಲೇಸಿಯಾಳ ಹಲ್ಲು ಕಟಕಟ ಎಂದವು.

"ಫಾತಾಯಿ... ಏನಾದ್ರೂ ಹೇಳು. ಬೇಗ!"

ಅವನ ಮುಖವೂ ಸುಣ್ಣದಂತಾಗಿತ್ತು. ಆದರೂ ಅವಳ ಕಣ್ಣನ್ನೇ ನೋಡುತ್ತಾ ಬಾಯಿಬಿಟ್ಟ.

"ಮೊ... ಮೊದಲನೇ ಶುಕ್ರವಾರ ನೀನು ಕಿವಿಗೆ ಹಳದಿ ಹೂವು ಇಟ್ಟಿದ್ದೆ. ಮೂರನೇ ಶುಕ್ರವಾರ ನಿಂಗೆ ನೆಗಡಿ. ಕಾವಾದೊಳಗೆ ಸೀನಿದೆ... ನಾನು ಕುಡಿದೆ."

"ಅಯ್ಯೋ!"

"ಅಲುಗಾಡಬೇಡ!" ಎಂದು ಡಾಕ್ಟರೂ ಅತ್ತೆಯೂ ಒಟ್ಟಿಗೇ ಗದರಿದರು.

"ಆರನೇ ಶುಕ್ರವಾರ ಮಾತಾಡಲೇಬೇಕು ಅಂತ ಬಂದೆ. ನೀನು ನಕ್ಕೆ. ಎಲ್ಲಾ ಮರೆತುಹೋಯ್ತು..."

ಬೆನ್ನಿನಲ್ಲಿ ಭಾರ ಒತ್ತಿತು. ಕಲ್ಲು ತುಂಬಿದ ಹಾಗೆ. ತೆಲೇಸಿಯಾ ಕಣ್ಣು ಮುಚ್ಚಲಿಲ್ಲ. ಹನ್ನೊಂದನೇ ಶುಕ್ರವಾರ ಮುಗಿಯುವ ಹೊತ್ತಿಗೆ ಸೂಜಿ ಆಚೆ ಬಂದಿತ್ತು. ಫಾತಾಯಿ ಬಾಗಿಲಿಗೆ ಒರಗಿದ್ದ, ಆದರೆ ಬಿದ್ದಿರಲಿಲ್ಲ.

ಎರಡು ಗಂಟೆ ಅಂಗಾತ ಮಲಗಬೇಕಿತ್ತು. ಆಮೇಲೆ ಡಾಕ್ಟರ್ ಬಂದು, "ಈಗ ನಿಧಾನಕ್ಕೆ ಕೂತ್ಕೋ" ಎಂದರು.

ಸೂಜಿಗಿಂತ ಹೆಚ್ಚು ಹೆದರಿಕೆಯಾದದ್ದು ಆಗ! ಮೊಣಕೈ ಊರಿದಳು. ತಲೆ ಎತ್ತಿದಳು. ಆ ಜಗ್ಗಾಟ ಈಗ ಬರುತ್ತದೆ... ಈಗ ಬಂತು... ಈಗ...

ಬರಲಿಲ್ಲ.

ಕಿವಿಯ ಗುಂಯ್ ನಿಂತಿತ್ತು. ಅದರ ಜಾಗದಲ್ಲಿ ಬಂದರಿನ ದೋಣಿಯೊಂದರ ಸದ್ದು ಕೇಳಿಸಿತು.

"ನೋವಿಲ್ಲ... ಅತ್ತೆ, ನೋವಿಲ್ಲ!"

ಅತ್ತೆ ಅವಳ ಕೆನ್ನೆ ಹಿಡಿದು ಮುತ್ತಿಕ್ಕಿ, ಮಡಿಲಿಗೆ ಬುಟ್ಟಿ ಇಟ್ಟಳು. ಕೆಸುವಿನ ಎಲೆಯಲ್ಲಿ ಸುತ್ತಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು. ಐದು ದಿನದಲ್ಲಿ ಮೊದಲ ಸಲ ಅವಳಿಗೆ ಹಸಿವಾಗಿತ್ತು. ಆದರೆ ಬಾಗಿಲಲ್ಲಿ ನಿಂತವನೂ ಬುಟ್ಟಿಯನ್ನೇ ನೋಡುತ್ತಿದ್ದ.

"ನಿನ್ನೆಯಿಂದ ನಿಂಗೆ ಊಟ ಯಾರು ಮಾಡಿಸ್ತಿದ್ರು?"

"ನಿಮ್ಮಣ್ಣ. ಅರ್ಧ ಮೂಗಿಗೆ ಹೋಗತ್ತೆ."

ಜಗಲಿಯಿಂದ ಮತ್ತೆ ಕೆಮ್ಮು. ಹೆಜ್ಜೆಯ ಸದ್ದು ಮೆಟ್ಟಿಲಿಳಿದು ದೂರ ಹೋಯಿತು. ಅತ್ತೆಗೂ ಇದ್ದಕ್ಕಿದ್ದಂತೆ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಕಂಡಿತು.

"ಹತ್ರ ಬಾ. ನೀನು ನನ್ನ ಮುಟ್ಟೋ ಹಾಗಿಲ್ಲ. ಬಾಯಿ ತೆರೆಯೋಕೇನೂ ಅಡ್ಡಿಯಿಲ್ಲವಲ್ಲ?"

ಅವನು ಮಂಚದ ಪಕ್ಕ ಮೊಣಕಾಲೂರಿ ಕೂತ. ಗಾಯವಾದ ಕೈಗಳು ಬೆನ್ನ ಹಿಂದೆಯೇ ಇದ್ದವು. ತೆಲೇಸಿಯಾ ಮೊದಲ ತುತ್ತನ್ನು ಅವನ ಬಾಯಿಗಿಟ್ಟಳು.

"ಎಲ್ಲೂ ಹೋಗಲ್ಲ ಅಂದಿದ್ದೆ..."

"ನಿಮ್ಮಮ್ಮನ ಹತ್ರ ಹೋಗಿದ್ದೆ. ಅಷ್ಟು ದೂರ ಹೋದ್ಮೇಲೆ ಒಂದು ಮಾತು ಕೇಳ್ಕೊಂಡೇ ಬಂದೆ."

"ಏನು ಕೇಳಿದೆ?"

"ನಿನ್ನನ್ನ."

ಅವಳ ಕಣ್ಣು ತುಂಬಿ ಬಂತು. ಈಗ ಅತ್ತರೆ ನೋವಿರಲಿಲ್ಲ.

"ಅಮ್ಮ ಏನಂದ್ಳು?"

"ಬೇಡ ಅನ್ನಲಿಲ್ಲ."

"ಹಾಗಾದ್ರೆ," ಎಂದಳು ತೆಲೇಸಿಯಾ, ಎರಡನೇ ತುತ್ತು ಕಲಸುತ್ತಾ, "ನಾನೂ ಬೇಡ ಅನ್ನಲ್ಲ."